ಹತ್ತು ಪರ್ಸೆಂಟ್ ಅನ್ನುವ ಮಳೆ ನಮ್ಮೂರಲ್ಲಿ ಸುರಿಯುವುದಿಲ್ಲ

ಭಾನುವಾರ ಸಂಜೆಯಿಂದ ತಲೆ ಬಿಸಿಯಾಗಿದೆ. ಬರೆದು ಹಾಕದೆ ಇಳಿಯುವ ಹಾಗೆ ಕಾಣುತ್ತಿಲ್ಲ.

ದೊಡ್ಡಮ್ಮನ ಮಗ, ನಮ್ಮಣ್ಣ, ಸೋಮವಾರಪೇಟೆ ಕಡೆಯಿಂದ ಬಂದಿದ್ದ. ಕಂಕುಳಲ್ಲಿ ಒಂದು ಪ್ರಾಜೆಕ್ಟ್ ರಿಪೋರ್ಟ್. ತೋಟದೊಳಗಿನ ಹೋಂಸ್ಟೇಗೆ ಇನ್ನೂ ನಾಲ್ಕು ಕಾಟೇಜ್ ಕಟ್ಟಬೇಕು, ಅದಕ್ಕೆ 40 ಲಕ್ಷ ಸಾಲ. "ನೀನೊಂದ್ಸಲ ನೋಡು ಮಾರಾಯ್ತಿ, ಆಮೇಲೆ ಬ್ಯಾಂಕಿಗೆ ಕೊಡ್ತೇನೆ" ಅಂದ. ದುಡ್ಡು ಕೊಟ್ಟು ಮಾಡಿಸಿದ್ದು. ಬಣ್ಣದ ಚಾರ್ಟ್, ದಪ್ಪ ರಟ್ಟು, ಐದು ವರ್ಷದ ಲೆಕ್ಕ. ಕೊನೆಯ ಪುಟದಲ್ಲಿ ಮೂರು ಕಾಲಂ. ಬೆಸ್ಟ್ ಕೇಸ್, ಬೇಸ್ ಕೇಸ್, ವರ್ಸ್ಟ್ ಕೇಸ್. ಅಂದರೆ ಎಲ್ಲ ಚೆನ್ನಾಗಿ ನಡೆದರೆ, ಅಂದುಕೊಂಡಂತೆ ನಡೆದರೆ, ತೀರಾ ಕೆಟ್ಟರೆ.

ಆ ವರ್ಸ್ಟ್ ಕೇಸ್ ಏನು ಗೊತ್ತಾ? ಆದಾಯ ಹತ್ತು ಪರ್ಸೆಂಟ್ ಕಡಿಮೆ. ಅಷ್ಟೇ.

ನನಗೆ ಸಿಟ್ಟು ಬಂತು. ಅಣ್ಣನ ಮೇಲಲ್ಲ, ಆ ಕಾಲಂ ಮೇಲೆ. ನನ್ನ ಕೆಲಸ ನಿಮಗೆಲ್ಲ ಗೊತ್ತಿದೆ. ಹನ್ನೆರಡು ವರ್ಷದಿಂದ ತೋಟ, ಹೋಂಸ್ಟೇ, ಸಣ್ಣಪುಟ್ಟ ಅಂಗಡಿಗಳ ಲೆಕ್ಕ ಬರೆಯುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಕೊಡಗಿನಲ್ಲಿ ಎಲ್ಲವೂ ಒಟ್ಟಿಗೆ, ಸಮವಾಗಿ, ಹತ್ತೇ ಪರ್ಸೆಂಟ್ ಕಡಿಮೆಯಾದ ಒಂದು ವರ್ಷವನ್ನೂ ನಾನು ನೋಡಿಲ್ಲ.

ಕರಿಮೆಣಸು ನೋಡಿ. 2016ರ ಸುಮಾರಿಗೆ ಕೆ.ಜಿ.ಗೆ 700 ರೂಪಾಯಿಯ ಹತ್ತಿರ ಇತ್ತು. ಎರಡು ಮೂರು ವರ್ಷದಲ್ಲಿ 350ರ ಆಸುಪಾಸಿಗೆ ಬಂತು. ಅರ್ಧಕ್ಕರ್ಧ! ರೋಬಸ್ಟಾ ಕಾಫಿಗೆ ಲಂಡನ್ ಮಾರುಕಟ್ಟೆಯಲ್ಲಿ 2020ರಲ್ಲಿ ಟನ್ನಿಗೆ 1,500 ಡಾಲರ್ ಕೂಡ ಇರಲಿಲ್ಲ, 2024ರಲ್ಲಿ 4,000 ದಾಟಿತು. 1994ರಲ್ಲಿ ಬ್ರೆಜಿಲ್‌ನಲ್ಲಿ ಕೊರೆಯುವ ಮಂಜಿಗೆ ಕಾಫಿ ಬೆಳೆ ಹಾಳಾಗಿ ಇಲ್ಲಿ ರೇಟ್ ಹಾರಿತು. ಆ ರೇಟೇ ಶಾಶ್ವತ ಅಂದುಕೊಂಡು ಸಾಲ ಎತ್ತಿದವರು 2001-02ರಲ್ಲಿ ದರ ನೆಲ ಕಚ್ಚಿದಾಗ ಪಟ್ಟ ಪಾಡನ್ನು ನಮ್ಮ ಮನೆಯ ಹಿರಿಯರು ಇವತ್ತಿಗೂ ಹೇಳುತ್ತಾರೆ. ನಮ್ಮದು ಹಾರುವ, ಬೀಳುವ ಊರು. ಇಲ್ಲಿ ಹತ್ತು ಪರ್ಸೆಂಟ್ ಒಂದು ವಾರದ ಏರಿಳಿತ.

ಇನ್ನು ಮಳೆ. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚು ಹೂಮಳೆ ಬಿದ್ದರೆ ಕಾಫಿ ಅರಳುತ್ತದೆ. ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಬಂದರೆ ಕಾಯಿ ಕಚ್ಚುತ್ತದೆ. ಬರದಿದ್ದರೆ ಸ್ಪ್ರಿಂಕ್ಲರ್, ಡೀಸೆಲ್, ಕೆರೆಯಲ್ಲಿ ನೀರಿದ್ದರೆ ಉಂಟು. ಅದೇ ಮಳೆ ಜನವರಿಯಲ್ಲಿ, ಹಣ್ಣು ಕಣದಲ್ಲಿ ಹರಡಿರುವಾಗ ಬಂದರೆ ಒಣಗುತ್ತಿರುವ ಕಾಫಿಯೂ ಹಾಳು, ಅಕಾಲದಲ್ಲಿ ಹೂವು ಬಿಟ್ಟು ಮುಂದಿನ ಫಸಲೂ ಹಾಳು. ಇಷ್ಟೇ ಮಳೆ, ಯಾವ ತಿಂಗಳು ಅನ್ನುವುದರ ಮೇಲೆ ಎಲ್ಲವೂ ನಿಂತಿದೆ. ವರ್ಷಕ್ಕೊಂದೇ ಅಂಕಿ ಬರೆದ ಹಾಳೆಯಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ?

ಇಲ್ಲಿ ಒಂದು ಮಾತು ಹೇಳಲೇಬೇಕು. ಮನೆಯವರನ್ನು ಬಿಟ್ಟರೆ ಯಾರಿಗೂ ಹೇಳಿಲ್ಲ.

2017ರಲ್ಲಿ ಅಪ್ಪ ಹೋಂಸ್ಟೇ ಶುರು ಮಾಡಲು ಸಾಲ ತೆಗೆದರಲ್ಲ, ಆಗ ಎಕ್ಸೆಲ್ ಶೀಟ್ ಮಾಡಿಕೊಟ್ಟವಳು ನಾನು. ಅದರಲ್ಲೂ ಮೂರು ಕಾಲಂ ಇತ್ತು. ಮೂರನೆಯದರಲ್ಲಿ ನಾನೂ ಹತ್ತು ಪರ್ಸೆಂಟ್ ಕಳೆದಿದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ನೋಡಿ, "ಕೆಟ್ಟ ವರ್ಷದಲ್ಲೂ ಉಳಿಯುತ್ತಲ್ಲ, ಸಾಕು" ಅಂದಿದ್ದರು. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ಜೋಡುಪಾಲ, ಮದೆನಾಡು, ಮಕ್ಕಂದೂರು, ಒಂದೊಂದು ಹೆಸರೂ ನಿಮಗೆ ನೆನಪಿದೆ. ಮಂಗಳೂರು ರಸ್ತೆ ಕಡಿದುಹೋಯಿತು. ನಮ್ಮ ಮನೆಗೆ ಏನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ತಿಂಗಳುಗಟ್ಟಲೆ ಒಬ್ಬ ಅತಿಥಿಯೂ ಬರಲಿಲ್ಲ. 2019ರ ಆಗಸ್ಟ್‌ನಲ್ಲಿ ತೋರ ಗ್ರಾಮದಲ್ಲಿ ಮತ್ತೆ ಗುಡ್ಡ ಕುಸಿಯಿತು. 2020ರಲ್ಲಿ ಮೊದಲು ಲಾಕ್‌ಡೌನ್, ಆಮೇಲೆ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ. ಸಾಲು ಸಾಲಾಗಿ ಮೂರು ಆಗಸ್ಟ್. ಬ್ಯಾಂಕಿನ ಕಂತು ಮಾತ್ರ ಪ್ರತಿ ತಿಂಗಳು ಬರುತ್ತಲೇ ಇತ್ತು. 2020ರಲ್ಲಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕಂತು ಮುಂದೂಡಲು ಅವಕಾಶ ಕೊಟ್ಟರು, ಹೌದು. ಬಡ್ಡಿ ನಿಲ್ಲಲಿಲ್ಲ. ಅಮ್ಮನ ಎರಡು ಬಳೆ ಗಿರವಿಗೆ ಹೋದವು. ಅಪ್ಪ ಒಂದು ದಿನವೂ ನನ್ನ ಶೀಟಿನ ಮಾತು ಎತ್ತಲಿಲ್ಲ. ಅದೇ ನನಗೆ ಜಾಸ್ತಿ ನೋವು.

ಹಾಗಾಗಿ ಆ ಮೂರನೇ ಕಾಲಂ ಕಂಡರೆ ನನಗೆ ತಡೆಯಲಾಗುವುದಿಲ್ಲ.

ಅಣ್ಣನನ್ನು ಕೂರಿಸಿಕೊಂಡು ಲ್ಯಾಪ್‌ಟಾಪ್ ತೆಗೆದೆ. ಅವನ ಲೆಕ್ಕ ಹೀಗಿತ್ತು. ಹೊಸ ಕಾಟೇಜ್ ಸೇರಿ ವರ್ಷಕ್ಕೆ 24 ಲಕ್ಷ ಆದಾಯ. ಖರ್ಚು 12 ಲಕ್ಷ. ಹತ್ತು ವರ್ಷದ ಸಾಲ, ಹತ್ತೂವರೆ ಪರ್ಸೆಂಟ್ ಬಡ್ಡಿ, ಕಂತು ತಿಂಗಳಿಗೆ ಸುಮಾರು 54 ಸಾವಿರ. ವರ್ಷದ ಕೊನೆಗೆ ಐದೂವರೆ ಲಕ್ಷ ಉಳಿಯುತ್ತೆ. ಅವರ ವರ್ಸ್ಟ್ ಕೇಸ್‌ನಲ್ಲಿ ಆದಾಯ 21 ಲಕ್ಷ 60 ಸಾವಿರ, ಆಗಲೂ 3 ಲಕ್ಷ 12 ಸಾವಿರ ಉಳಿಯುತ್ತೆ. ಎಲ್ಲ ಚೆಂದ.

ನಾನು ಪರ್ಸೆಂಟ್ ಅಳಿಸಿ ಒಂದು ಕತೆ ಬರೆದೆ. ಜೂನ್ ಕೊನೆಗೆ ರಸ್ತೆ ಬಂದ್. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರು ತಿಂಗಳು ಒಬ್ಬರೂ ಬರಲಿಲ್ಲ. ಅಕ್ಟೋಬರ್‌ನಿಂದ ಎಲ್ಲ ಮೊದಲಿನ ಹಾಗೆ. ಮಳೆಗಾಲದ ತಿಂಗಳಲ್ಲಿ ಹೇಗೂ ಆದಾಯ ಕಡಿಮೆ, ತಿಂಗಳಿಗೆ 1 ಲಕ್ಷ 20 ಸಾವಿರದಂತೆ 3 ಲಕ್ಷ 60 ಸಾವಿರ ಹೋಯಿತು. ಅತಿಥಿ ಇಲ್ಲದಿದ್ದರೆ ಅಡುಗೆ, ಲಾಂಡ್ರಿ ಖರ್ಚು ಉಳಿಯುತ್ತೆ, ಆದರೆ ಸಂಬಳ, ಕರೆಂಟು, ರಿಪೇರಿ ನಿಲ್ಲುವುದಿಲ್ಲ. ತಿಂಗಳಿಗೆ 65 ಸಾವಿರ ಇಟ್ಟೆ.

ವರ್ಷದ ಕೊನೆಗೆ ಎಷ್ಟು ಉಳಿಯಿತು? 2 ಲಕ್ಷ 97 ಸಾವಿರ. ಅವರ ಹತ್ತು ಪರ್ಸೆಂಟ್ ಕಾಲಂನ ಅಂಕಿಗೂ ಇದಕ್ಕೂ ಹದಿನೈದು ಸಾವಿರದ ವ್ಯತ್ಯಾಸ.

ಅಣ್ಣ, "ನೋಡಿದ್ಯಾ, ಅವ್ರು ಹಾಕಿದ್ದು ಸರಿನೇ ಇದೆ" ಅಂದ.

"ಅಣ್ಣ, ಈಗ ತಿಂಗಳ ಪುಟ ನೋಡು" ಅಂದೆ. ಜೂನ್ ಕೊನೆಗೆ ಅವನ ಕೈಯಲ್ಲಿ ಎರಡೂವರೆ ಲಕ್ಷ. ತಿಂಗಳಿಗೆ 65 ಸಾವಿರ ಖರ್ಚು, 54 ಸಾವಿರ ಕಂತು, ಒಟ್ಟು 1 ಲಕ್ಷ 19 ಸಾವಿರ ಹೊರಗೆ. ಒಳಗೆ ಸೊನ್ನೆ. ಆಗಸ್ಟ್ ಮುಗಿಯುವಾಗ ಖಾತೆಯಲ್ಲಿ 12 ಸಾವಿರ. ಸೆಪ್ಟೆಂಬರ್ ಕೊನೆಗೆ ಮೈನಸ್ 1 ಲಕ್ಷ 7 ಸಾವಿರ. ಕಾಫಿ ದುಡ್ಡು ಬರುವುದು ಕೊಯ್ಲು ಮುಗಿದ ಮೇಲೆ, ಫೆಬ್ರವರಿ, ಮಾರ್ಚ್‌ನಲ್ಲಿ.

ಅವನು ತುಂಬಾ ಹೊತ್ತು ಮಾತಾಡಲಿಲ್ಲ. ಅಮ್ಮ ತಂದಿಟ್ಟ ಕಾಫಿ ಹಾಗೇ ತಣ್ಣಗಾಯಿತು.

ನಾನು ಹೇಳುತ್ತಿರುವುದು ಇದನ್ನೇ. ವರ್ಷದ ಮೊತ್ತ ಒಂದೇ ಇದ್ದರೂ ಸೆಪ್ಟೆಂಬರ್‌ನಲ್ಲಿ ಮನುಷ್ಯ ಬಳೆ ಗಿರವಿ ಇಡಬೇಕಾಗುತ್ತೆ. ಹತ್ತು ಪರ್ಸೆಂಟ್ ಕಾಲಂಗೆ ಸೆಪ್ಟೆಂಬರ್ ಗೊತ್ತಿಲ್ಲ.

ಸ್ಪ್ರೆಡ್‌ಶೀಟ್ ಅನ್ನುವುದು ಹುಟ್ಟಿದ್ದೇ "ಹೀಗಾದರೆ?" ಅನ್ನುವ ಪ್ರಶ್ನೆಗಾಗಿ. ಡ್ಯಾನ್ ಬ್ರಿಕ್ಲಿನ್ ಹಾರ್ವರ್ಡ್‌ನಲ್ಲಿ ಓದುವಾಗ, ಒಂದು ಅಂಕಿ ಬದಲಾದರೆ ಬೋರ್ಡಿನ ಮೇಲಿನ ಎಲ್ಲ ಅಂಕಿಗಳನ್ನೂ ಅಳಿಸಿ ಮತ್ತೆ ಬರೆಯಬೇಕಲ್ಲ ಅಂತ ಯೋಚಿಸಿ, ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ ಮಾಡಿದ ವಿಸಿಕ್ಯಾಲ್ಕ್ 1979ರಲ್ಲಿ ಬಂತು. ಇವತ್ತು ನಮ್ಮ ಎಕ್ಸೆಲ್‌ನಲ್ಲೇ, ಡೇಟಾ ಟ್ಯಾಬ್ ಒಳಗೆ ವಾಟ್-ಇಫ್ ಅನಾಲಿಸಿಸ್ ಅಂತ ಇದೆ. ಅದರ ಸಿನಾರಿಯೊ ಮ್ಯಾನೇಜರ್‌ನಲ್ಲಿ ಒಂದು ಕತೆಗೆ 32 ಸೆಲ್‌ವರೆಗೆ ಒಟ್ಟಿಗೆ ಬದಲಿಸಬಹುದು. ಒಟ್ಟಿಗೆ, ಅದೇ ಮುಖ್ಯ. ರೇಟ್ ಒಂದನ್ನೇ ಬದಲಿಸಿ ನೋಡುವುದು ಬೇರೆ ಲೆಕ್ಕ. ರಸ್ತೆ ಕಡಿದ ವರ್ಷ ಅತಿಥಿಯೂ ಇಲ್ಲ, ಲೋಡು ಸಾಗಿಸುವ ಬಾಡಿಗೆಯೂ ಜಾಸ್ತಿ, ಮರಗಸಿಗೆ, ಅಂದರೆ ತೋಟದ ನೆರಳು ಮರದ ಕೊಂಬೆ ಕಡಿಯುವುದಕ್ಕೆ, ಆಳೂ ಸಿಗುವುದಿಲ್ಲ. ಕಷ್ಟ ಇಲ್ಲಿ ಗುಂಪು ಕಟ್ಟಿಕೊಂಡೇ ಬರುತ್ತದೆ, ಕತೆಯಲ್ಲೂ ಹಾಗೇ ಇರಬೇಕು. ಅದೇ ವಾಟ್-ಇಫ್ ಒಳಗಿನ ಗೋಲ್ ಸೀಕ್ ಉಲ್ಟಾ ಕೇಳುತ್ತದೆ. ಸೆಪ್ಟೆಂಬರ್ ಮೈನಸ್ ಆಗಬಾರದು ಅಂದರೆ ಜೂನ್ ಕೊನೆಗೆ ಕೈಯಲ್ಲಿ ಎಷ್ಟಿರಬೇಕು? ಅಣ್ಣನ ಲೆಕ್ಕಕ್ಕೆ 3 ಲಕ್ಷ 57 ಸಾವಿರ ಅಂತ ಬಂತು.

ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಬಳಸುವವರಿಗೂ ದಾರಿ ಇದೆ, ಎಷ್ಟೋ ಜನ ತೆರೆದೇ ನೋಡಿಲ್ಲ. ಇನ್ನೂ ನಡೆಯದ ವ್ಯವಹಾರವನ್ನು ಆಪ್ಷನಲ್ ವೋಚರ್ ಆಗಿ ಹಾಕಿದರೆ ಅದು ನಿಜವಾದ ಲೆಕ್ಕಕ್ಕೆ ಸೇರುವುದಿಲ್ಲ. ಒಂದು ಸಿನಾರಿಯೊ ಮಾಡಿ, ಅದನ್ನು ಆರಿಸಿ ರಿಪೋರ್ಟ್ ತೆರೆದಾಗ ಮಾತ್ರ ಆ ವೋಚರ್‌ಗಳೂ ಸೇರಿದ ಲೆಕ್ಕ ಕಾಣುತ್ತದೆ.

"2018 ಬರುತ್ತೆ ಅಂತ ಯಾರಿಗೆ ಗೊತ್ತಿತ್ತು? ಎಲ್ಲ ದೈವದ ಕೈಯಲ್ಲಿದೆ" ಅಂತ ಹೇಳುವವರು ಇದ್ದಾರೆ. ನನ್ನ ಮನೆಯಲ್ಲೇ ಇದ್ದಾರೆ. ಒಪ್ಪುವುದಿಲ್ಲ ನಾನು. ಗುಡ್ಡ ಯಾವಾಗ ಜಾರುತ್ತೆ ಅಂತ ಎಕ್ಸೆಲ್‌ಗೆ ಯಾರೂ ಕೇಳುತ್ತಿಲ್ಲ. ಮೂರು ತಿಂಗಳು ದುಡ್ಡು ಬರದಿದ್ದರೆ ನಾವು ಎಷ್ಟು ದಿನ ತಡೆಯುತ್ತೇವೆ ಅಂತ ಕೇಳುತ್ತಿದ್ದೇವೆ. ಅದಕ್ಕೆ ಜೋಯಿಸರು ಬೇಡ, ಕೂಡು ಕಳೆ ಬಂದರೆ ಸಾಕು. ಮಳೆಗಾಲಕ್ಕೆ ಮುಂಚೆ ಸೌದೆ ಒಟ್ಟಿ, ಹಪ್ಪಳ ಒಣಗಿಸಿ ಇಡುವ ಜನ ನಾವು. ದುಡ್ಡಿನ ವಿಷಯಕ್ಕೆ ಬಂದಾಗ ಮಾತ್ರ ಯಾಕೆ ದೈವದ ಮೇಲೆ ಭಾರ?

"ಬ್ಯಾಂಕಿಗೆ ಅಷ್ಟೇ ಸಾಕು" ಅನ್ನುವ ಮಾತೂ ಕೇಳಿದೆ. ಬ್ಯಾಂಕಿಗೆ ಸಾಕಾಗಬಹುದು. ಸಾಲ ತೀರಿಸುವವರು ನಾವು.

ಅಣ್ಣ ಆ ರಾತ್ರಿ ಇಲ್ಲೇ ಉಳಿದ. ಊಟ ಆದ ಮೇಲೆ ಅಪ್ಪನೂ ಬಂದು ಕುರ್ಚಿ ಎಳೆದುಕೊಂಡು ಕೂತರು. ಮೊದಲು ಎರಡೇ ಕಾಟೇಜ್ ಕಟ್ಟುವುದು, ಕಂತನ್ನು ಕೊಯ್ಲಿನ ಕಾಲಕ್ಕೆ ಹೊಂದಿಸಿ ಕೊಡುತ್ತಾರಾ ಅಂತ ಬ್ಯಾಂಕಿನಲ್ಲಿ ಕೇಳುವುದು, ಈ ಸಲದ ಕಾಫಿ ದುಡ್ಡಿನಲ್ಲಿ ನಾಲ್ಕು ಲಕ್ಷ ಮುಟ್ಟದೆ ಬೇರೆ ಇಡುವುದು, ಇಷ್ಟು ಮಾತಾಯಿತು. ಕತೆಗಳಿಗೆ ಹೆಸರಿಟ್ಟೆವು. "ರಸ್ತೆ ಬಂದ್", "ಹೂಮಳೆ ಇಲ್ಲ", "ರೇಟ್ ಅರ್ಧ". ಅಪ್ಪ ಸುಮ್ನೆ ನೋಡುತ್ತಿದ್ದವರು, "ರಸ್ತೆ ಬಂದ್ ಮೂರು ತಿಂಗಳು ಸಾಲದು, ಐದು ಹಾಕು" ಅಂದರು.

ಹಾಕಿದೆ.