ಲಾಗಿನ್ ಆಗದೆ ಕೃಷ್ಣನಿಗೂ ಪ್ರವೇಶವಿಲ್ಲ

ನಮ್ಮ ದೊಡ್ಡಪ್ಪನ ಕಂಪ್ಯೂಟರಿನ ತುಂಬ ಇರುವುದು ತಾಳಮದ್ದಳೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು-ಮಾತಿನಲ್ಲೇ ನಡೆಸುವ ಯಕ್ಷಗಾನ. ಅಡಿಕೆ ಲೆಕ್ಕದ ಒಂದು ಎಕ್ಸೆಲ್ ಫೈಲ್ ಇದೆ, ಮೊಮ್ಮಗಳ ನಾಮಕರಣದ ಫೋಟೋಗಳಿವೆ, ಮಿಕ್ಕ ಜಾಗವೆಲ್ಲ ತಾಳಮದ್ದಳೆಗೆ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಹಾರ್ಡ್‌ಡಿಸ್ಕಿಗೆ ಇಳಿದು ಬಂದ ಹಳೇ ಕೂಟಗಳು. ರಾತ್ರಿ ಊಟ ಮುಗಿಸಿ, ಕವಳ ಹಾಕಿಕೊಂಡು ಮಾನಿಟರ್ ಎದುರು ಕೂತರೆ ದೊಡ್ಡಮ್ಮ ಕರೆದರೂ ಕೇಳುವುದಿಲ್ಲ. ಕರೆಂಟ್ ಹೋದರೆ ಮಾತ್ರ ಏಳುತ್ತಾರೆ.

ಅಂಥದೊಂದು ರಾತ್ರಿ ಕೃಷ್ಣ ಸಂಧಾನಕ್ಕೆ ಬಂದಿದ್ದ. ಯಾರೂ ಎದ್ದು ನಿಲ್ಲಕೂಡದು ಅಂತ ಕೌರವ ತನ್ನ ಸಭೆಗೆ ಕಟ್ಟಪ್ಪಣೆ ಮಾಡಿದ್ದಾನೆ. ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳಿಬ್ಬರೂ ಘಟಾನುಘಟಿಗಳು. ಕೃಷ್ಣ ಗಂಟಲು ಸರಿಮಾಡಿಕೊಂಡು ಇನ್ನೇನು ಬಾಯಿ ತೆರೆಯಬೇಕು, ಪರದೆಯ ನಟ್ಟನಡುವೆ ಒಂದು ಬಿಳಿ ಪೆಟ್ಟಿಗೆ ಎದ್ದಿತು. ಅದರೊಳಗೆ ನೀಲಿ ಅಂಗಿಯ ಗೊಂಬೆಯೊಂದು ಕೈ ಬೀಸುತ್ತಿದೆ. ಕೆಳಗೆ 'ವೆಲ್‌ಕಮ್ ಬ್ಯಾಕ್! ಸೈನ್ ಇನ್ ಟು ಕಂಟಿನ್ಯೂ' ಅಂತ ಬರಹ. ಅದರ ಕೆಳಗೆ ಇಮೇಲ್‌ಗೆ ಒಂದು ಖಾನೆ, ಪಾಸ್‌ವರ್ಡ್‌ಗೆ ಒಂದು ಖಾನೆ.

ದೊಡ್ಡಪ್ಪ ಬೆಂಗಳೂರಿನಲ್ಲಿದ್ದ ನನಗೆ ಫೋನ್ ಮಾಡಿದರು. "ತಮ್ಮಾ, ಕೌರವನೂ ಇಷ್ಟು ಕೇಳಲಿಲ್ಲ ಮಾರಾಯ. ಇದು ಪಾಸ್‌ವರ್ಡ್ ಕೇಳ್ತಾ ಇದೆ."

ಈ ಪೆಟ್ಟಿಗೆ ಮನೆ ಹೊಕ್ಕಿದ್ದಕ್ಕೆ ಒಂದು ಚರಿತ್ರೆಯಿದೆ. 2022ರ ಮೊದಲ ತಿಂಗಳುಗಳಿಂದ ನವೆಂಬರ್‌ವರೆಗೆ, ಹಾಡು-ವಿಡಿಯೊ ನಡೆಸುವ ವಿಎಲ್‌ಸಿ ಪ್ಲೇಯರಿನ ಅಧಿಕೃತ ವೆಬ್‌ಸೈಟ್ ಭಾರತದಲ್ಲಿ ನಿರ್ಬಂಧದಲ್ಲಿತ್ತು. ಮೊದಲೇ ಹಾಕಿಕೊಂಡಿದ್ದವರ ವಿಎಲ್‌ಸಿ ನಡೆಯುತ್ತಿತ್ತು. ಹೊಸದಾಗಿ ಇಳಿಸಿಕೊಳ್ಳಲು ಹೋದವರಿಗೆ ಪುಟವೇ ತೆರೆಯುತ್ತಿರಲಿಲ್ಲ. ಸರಿಯಾಗಿ ಆ ಬೇಸಿಗೆಯಲ್ಲಿ ಚಿಕ್ಕಪ್ಪನ ಮಗ ದೊಡ್ಡಪ್ಪನ ಕಂಪ್ಯೂಟರಿಗೆ ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ವಿಎಲ್‌ಸಿ ಸಿಗಲಿಲ್ಲ. ಹುಡುಕಾಟದಲ್ಲಿ ಮುಂದೆ ಬಂದ ಇನ್ಯಾವುದೋ ಪುಕ್ಕಟೆ ಪ್ಲೇಯರ್ ಹಾಕಿದ. ಅದರ ಹೆಸರು ಬೇಡ ಬಿಡಿ. ಮೊದಮೊದಲು ಒಳ್ಳೇ ಹುಡುಗನ ಹಾಗೆ ಇತ್ತು. ಒಂದು ಅಪ್‌ಡೇಟ್ ಆದ ಮೇಲೆ ಪರಿಚಯ ಕೇಳಲು ಶುರುಮಾಡಿತು.

ಫೋನಿನಲ್ಲಿ ರಿಪೇರಿ ಮಾಡಿಸುವುದು ಹೇಗಿರುತ್ತದೆ ಅಂತ ಮಾಡಿಸಿದವರಿಗೇ ಗೊತ್ತು.

"ಮೂಲೆಯಲ್ಲಿ ಎಕ್ಸ್ ಗುರುತು ಇದೆಯಲ್ಲ, ಅದನ್ನ ಒತ್ತಿ ದೊಡ್ಡಪ್ಪ."

"ಯಾವ ಎಕ್ಸ್? ಇಲ್ಲಿ ಮೂರು ಇದೆ."

ಇದ್ದದ್ದು ಹೌದು. ಒಂದು ಪ್ಲೇಯರಿನದು, ಒಂದು ಪೆಟ್ಟಿಗೆಯದು, ಇನ್ನೊಂದು ಪೆಟ್ಟಿಗೆಯೊಳಗಿನ ಜಾಹೀರಾತಿನದು. ಮೊದಲನೆಯದನ್ನು ಒತ್ತಿದರೆ ಕೃಷ್ಣ, ಕೌರವ ಇಬ್ಬರೂ ಮಾಯ. ಮೂರನೆಯದನ್ನು ಒತ್ತಿದರೆ ಬ್ರೌಸರ್ ತೆರೆದು ರಮ್ಮಿ ಆಡಲು ಕರೆಯುತ್ತದೆ. ಬೇಕಾದ ಎರಡನೆಯದು ತಿಳಿಬೂದು ಬಣ್ಣದ್ದು, ಬಿಳಿಯ ಮೇಲೆ. ಎಪ್ಪತ್ತು ದಾಟಿದ ಕಣ್ಣಿಗೆ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. 'ಲಾಗಿನ್' ಅನ್ನುವ ಗುಂಡಿ ಮಾತ್ರ ಹಪ್ಪಳದಷ್ಟು ದೊಡ್ಡದು. ಇದನ್ನು ಯಾರೋ ಕೂತು, ಯೋಚಿಸಿ, ಸಂಬಳ ತಗೊಂಡು ಮಾಡಿರುತ್ತಾರೆ ಅಲ್ವಾ? ಅವರ ಮನೆಯಲ್ಲೂ ಒಬ್ಬ ದೊಡ್ಡಪ್ಪ ಇರಲಿ ಅಂತ ಮಾತ್ರ ನನ್ನ ಹಾರೈಕೆ.

ಒಂದು ಸಲ ದೊಡ್ಡಪ್ಪ ಹೋಗಲಿ ಪಾಪ ಅಂತ ಲಾಗಿನ್ ಆಗಿಯೇಬಿಡೋಣ ಎಂದುಕೊಂಡರು. ಇಮೇಲ್ ಇತ್ತು, ಅಮೆರಿಕದಲ್ಲಿರುವ ಮಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಸೊಸೈಟಿ ಕ್ಯಾಲೆಂಡರಿನ ಹಿಂದೆ ಬರೆದಿತ್ತು. ಆ ಕ್ಯಾಲೆಂಡರ್ ಹೋದ ವರ್ಷದ್ದು, ದೊಡ್ಡಮ್ಮ ಅದನ್ನು ಸಂಡಿಗೆ ಡಬ್ಬಿಯ ತಳಕ್ಕೆ ಹಾಸಿದ್ದರು. 'ಫರ್ಗೆಟ್ ಪಾಸ್‌ವರ್ಡ್' ಒತ್ತಿದಾಗ ಕೋಡ್ ಹೋಗಿದ್ದು ಮಗನ ಮೊಬೈಲಿಗೆ. ಅವನು ಆಫೀಸಿನ ಮೀಟಿಂಗ್ ಬಿಟ್ಟು ಎದ್ದುಬಂದು ಫೋನ್ ಮಾಡಿದ. "ಅಪ್ಪಾ, ಯಾರೋ ನಿನ್ನ ಮೇಲ್ ಹ್ಯಾಕ್ ಮಾಡ್ತಾ ಇದ್ದಾರೆ, ಕಂಪ್ಯೂಟರ್ ಮುಟ್ಟಬೇಡ!"

ಪೇಟೆಯ ಕಂಪ್ಯೂಟರ್ ಅಂಗಡಿಯವರನ್ನು ಕೇಳಿದರೆ ಫಾರ್ಮ್ಯಾಟ್ ಮಾಡಿ ಅಂದರು. ನಮ್ಮ ಕಡೆ ಕಂಪ್ಯೂಟರಿನ ಸಕಲ ರೋಗಕ್ಕೂ ಅದೇ ಮದ್ದು. ತಾಳಮದ್ದಳೆಗಳ ಗತಿ? ದೊಡ್ಡಪ್ಪ ಒಪ್ಪಲಿಲ್ಲ. ವೈಫೈ ಆರಿಸಿ ನೋಡಿ ಅಂದೆ. ಪೆಟ್ಟಿಗೆ ಆಗಲೂ ಬಂತು, ಖಾಲಿ ಮುಖ ಹೊತ್ತುಕೊಂಡು: ಇಂಟರ್ನೆಟ್ ಇಲ್ಲ, ಮತ್ತೆ ಪ್ರಯತ್ನಿಸಿ. ಸ್ವಂತ ಡಿಸ್ಕಿನಲ್ಲಿರುವ ಫೈಲ್ ನೋಡಲು ಇಂಟರ್ನೆಟ್ ಎಂತಕ್ಕೆ ಅಂತ ದೊಡ್ಡಪ್ಪ ಕೇಳಿದರು. ಸರಿಯಾದ ಪ್ರಶ್ನೆಯೇ. ಫೈಲಿಗೆ ಬೇಡ. ಬೇಕಾಗಿರುವುದು ಪ್ಲೇಯರಿಗೆ. ಯಾರು, ಏನು ನೋಡಿದರು, ಎಷ್ಟು ಹೊತ್ತು ನೋಡಿದರು ಅಂತ ಗೊತ್ತಾದರೆ ಜಾಹೀರಾತಿಗೆ ಬೆಲೆ ಜಾಸ್ತಿ. ಸಂಧಾನದ ಕೃಷ್ಣನನ್ನು ನೋಡುವವರಿಗೆ ಅದು ಏನು ಮಾರುತ್ತಿತ್ತೋ ನನಗಂತೂ ಹೊಳೆಯಲಿಲ್ಲ.

ಚೌತಿಗೆ ಊರಿಗೆ ಹೋದಾಗ ನಾನೇ ಕೂತೆ. ಅಡುಗೆಮನೆಯಲ್ಲಿ ಚಕ್ಕುಲಿ ಕಂಬಳ, ಮನೆ ತುಂಬ ನೆಂಟರು, ನನ್ನ ಬೆನ್ನ ಹಿಂದೆ ಸಲಹೆಗಾರರ ಸಾಲು. ಸೆಟ್ಟಿಂಗ್ಸಿನಲ್ಲಿ ಲಾಗಿನ್ ನೆನಪಿಸುವ ಟಿಕ್ ತೆಗೆದೆ. ಪ್ಲೇಯರ್ ಮುಚ್ಚಿ ತೆರೆದರೆ ಟಿಕ್ ವಾಪಸು ಬಂದಿತ್ತು. ಸರಿ, ಅನ್‌ಇನ್‌ಸ್ಟಾಲ್. ಆಗ ಅದು ಅಳುವ ಗೊಂಬೆ ತೋರಿಸಿ ಯಾಕೆ ಹೋಗುತ್ತಿದ್ದೀರಿ ಅಂತ ಕಾರಣ ಕೇಳಿತು. 'ಇತರೆ' ಅಂತ ಒತ್ತಿದರೆ ವಿವರ ಬರೆಯಬೇಕಂತೆ. ದೊಡ್ಡಪ್ಪ ಬರೆಯಲು ತಯಾರಿದ್ದರು, ನಾನೇ ತಡೆದೆ.

ಪ್ಲೇಯರ್ ಹೋಯಿತು. ಎಲ್ಲರೂ ಚಕ್ಕುಲಿ ಕಡೆ ಹೊರಟರು. ಅಷ್ಟರಲ್ಲಿ ಬರೀ ಡೆಸ್ಕ್‌ಟಾಪಿನ ಮೇಲೆ, ಪ್ಲೇಯರೇ ಇಲ್ಲದ ಕಂಪ್ಯೂಟರಿನಲ್ಲಿ, ಬಿಳಿ ಪೆಟ್ಟಿಗೆ ಎದ್ದಿತು. ವೆಲ್‌ಕಮ್ ಬ್ಯಾಕ್!

"ಇದಕ್ಕೆ ಹೋಮವೇ ಆಗಬೇಕು," ಅಂದರು ದೊಡ್ಡಮ್ಮ, ಸೌಟು ಹಿಡಿದುಕೊಂಡೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಅದರ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ 'ಹೆಲ್ಪರ್' ಅಂತ ಒಬ್ಬ ಇದ್ದ. ಬಲಗುಂಡಿ ಒತ್ತಿ ಡಿಸೇಬಲ್ ಮಾಡಿದೆ. ರೀಸ್ಟಾರ್ಟ್. ಮತ್ತೆ ಪೆಟ್ಟಿಗೆ. ಆಮೇಲೆ ಟಾಸ್ಕ್ ಶೆಡ್ಯೂಲರ್ ತೆರೆದಾಗ ಗುಟ್ಟು ರಟ್ಟಾಯಿತು. ಇಂಥ ಹೊತ್ತಿಗೆ ಇಂಥ ಕೆಲಸ ಮಾಡು ಅಂತ ವಿಂಡೋಸಿಗೆ ಹೇಳಿಡುವ ಜಾಗ ಅದು. ಅಲ್ಲಿ ಆ ಹೆಲ್ಪರ್ ಎರಡು ಕೆಲಸ ಬರೆಸಿಟ್ಟಿದ್ದ: ಕಂಪ್ಯೂಟರಿಗೆ ಯಾರು ಲಾಗಿನ್ ಆದರೂ ಒಮ್ಮೆ ಏಳು, ಮತ್ತೆ ಗಂಟೆಗೊಮ್ಮೆ ಏಳು. ಅವನ ಬಿಡಾರ ಇದ್ದದ್ದು ಆಪ್‌ಡೇಟಾ ಅನ್ನುವ ಫೋಲ್ಡರಿನಲ್ಲಿ. ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಸಾಮಾನು ಇಳಿಸಲು ಅಡ್ಮಿನ್ ಅನುಮತಿಯೂ ಬೇಡ. ಎರಡೂ ಕೆಲಸ ಅಳಿಸಿ, ಬಿಡಾರವನ್ನೂ ಕಿತ್ತು ಹಾಕಿದೆ. ಮಧ್ಯಾಹ್ನದ ಊಟದವರೆಗೆ ಕಾದೆವು. ಪೆಟ್ಟಿಗೆ ಏಳಲಿಲ್ಲ.

ಆಮೇಲೆ ವಿಎಲ್‌ಸಿ ಹಾಕಿದೆ. ಅಧಿಕೃತ ಸೈಟ್ ಈಗ ಧಾರಾಳವಾಗಿ ತೆರೆಯುತ್ತದೆ. ಮೊದಲ ಸಲ ತೆರೆದಾಗ ಅದೂ ಒಂದು ಪೆಟ್ಟಿಗೆ ತೋರಿಸಿತು. ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದರು. ಆಲ್ಬಮ್ಮಿನ ಚಿತ್ರ, ಹೆಸರು ಮುಂತಾದ್ದನ್ನು ಇಂಟರ್ನೆಟ್ಟಿನಿಂದ ತರಲೇ ಅಂತ ಕೇಳುತ್ತಿದೆ ಅಷ್ಟೆ, ಟಿಕ್ ತೆಗೆದು ಮುಂದೆ ಹೋದರಾಯಿತು ಅಂದೆ. ಇದು ಯಾರದು, ಪುಕ್ಕಟೆ ಯಾಕೆ ಕೊಡುತ್ತಾರೆ ಅಂತ ವಿಚಾರಣೆ ಶುರುವಾಯಿತು. 1996ರಲ್ಲಿ ಪ್ಯಾರಿಸ್ಸಿನ ಕಾಲೇಜು ಹುಡುಗರು ಶುರುಮಾಡಿದ್ದು, 2001ರಿಂದ ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಸಾಫ್ಟ್‌ವೇರ್, ಈಗ ಲಾಭದಾಸೆ ಇಲ್ಲದ ಸಂಘವೊಂದು ನೋಡಿಕೊಳ್ಳುತ್ತದೆ, ಜಾಹೀರಾತು ತುಂಬಲು ಬಂದ ಕೋಟಿಗಟ್ಟಲೆ ದುಡ್ಡನ್ನು ಬೇಡ ಅಂದವರು ಅಂತೆಲ್ಲ ಹೇಳಿದೆ. "ಹಾಗಾದರೆ ನಮ್ಮ ಯಕ್ಷಗಾನ ಸಂಘಕ್ಕಿಂತ ಶಿಸ್ತಿನವರು," ಅಂದರು.

ಅಡಿಕೆ ಕೊಯ್ಲಿನ ಹೊತ್ತಿಗೆ ಅಂಗಳಕ್ಕೆ ಕ್ಯಾಮೆರಾ ಬಂತು, ಮಂಗ ಮತ್ತು ಮನುಷ್ಯ ಇಬ್ಬರಿಂದಲೂ ಒಣಹಾಕಿದ್ದನ್ನು ಕಾಯಲು. ಅದನ್ನೂ ವಿಎಲ್‌ಸಿಯಲ್ಲೇ ನೋಡಬಹುದು ಅಂತ ಹಾಕಿಸಿದವನು ವಿಳಾಸ ಬರೆದುಕೊಟ್ಟ. ವಿಳಾಸ ಹಾಕಿದ್ದೇ ತಡ, ಯೂಸರ್‌ನೇಮ್ ಮತ್ತು ಪಾಸ್‌ವರ್ಡ್ ಕೊಡಿ ಅಂತ ಪೆಟ್ಟಿಗೆ. ಫೋನ್ ಬಂತು. ಕೇಳುತ್ತಿರುವುದು ಕ್ಯಾಮೆರಾ, ಪ್ಲೇಯರಲ್ಲ, ಇದಕ್ಕೆ ಮಾತ್ರ ಕೊಡಲೇಬೇಕು ಅಂತ ಹೇಳಿದೆ.

"ನನ್ನ ಅಂಗಳ ನೋಡಲಿಕ್ಕೆ ನಾನು ಯಾರು ಅಂತ ಹೇಳಬೇಕಾ?"

"ಕೇಳದಿದ್ದರೆ ಕಳ್ಳನೂ ನೋಡ್ತಾನೆ ದೊಡ್ಡಪ್ಪ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಜಗಲಿಗೆ ಹೋಗಿ ಬರಿಗಣ್ಣಿನಲ್ಲೇ ನೋಡಿಬಂದೆ, ಎಲ್ಲ ಸರಿ ಇದೆ ಅಂದರು. ಕ್ಯಾಮೆರಾವನ್ನು ಈಗ ನೋಡುವುದು ದೊಡ್ಡಮ್ಮ, ಮೊಬೈಲಿನಲ್ಲಿ.

ಡಿಸೆಂಬರ್ ಕೊನೆಯ ವಾರ ಮತ್ತೆ ಫೋನ್. ದನಿ ತಗ್ಗಿತ್ತು.

"ತಮ್ಮಾ, ಆ ಕಿತ್ತಳೆ ಕೋನು ಕೆಂಪು ಟೊಪ್ಪಿ ಹಾಕಿಕೊಂಡು ಕೂತಿದೆ. ನಾನು ಎಂತದೂ ಮುಟ್ಟಲಿಲ್ಲ."

ಕೋನು ಅಂದರೆ ವಿಎಲ್‌ಸಿಯ ಗುರುತು, ಕ್ರಿಸ್‌ಮಸ್‌ಗೆ ಅದು ಪ್ರತಿ ವರ್ಷ ಟೊಪ್ಪಿ ಹಾಕುತ್ತದೆ, ಹೊಸ ವರ್ಷ ಬಂದ ಮೇಲೆ ತೆಗೆಯುತ್ತದೆ ಅಂದೆ.

"ಟೊಪ್ಪಿ ಹಾಕಲಿ, ಮುಂಡಾಸು ಸುತ್ತಲಿ," ಅಂದರು ದೊಡ್ಡಪ್ಪ. "ಹೆಸರು ಕೇಳದಿದ್ದರೆ ಸಾಕು."