ಕೆನೆಬಣ್ಣದಲ್ಲೂ ಎರಡು ಪಕ್ಷ

ಹಾಲ್‌ನ ಗೋಡೆಗೆ ಕೆನೆಬಣ್ಣವೇ ಇರಲಿ ಎಂದು ಮನೆಮಂದಿಯೆಲ್ಲ ಒಪ್ಪಿದ ಮೇಲೆಯೇ ನಿಜವಾದ ಜಗಳ ಶುರುವಾಗುವುದು. ಶೇಡ್ ಕಾರ್ಡ್ ಬಿಚ್ಚಿದರೆ ಕೆನೆಯೇ ಹತ್ತಾರು. ಸೋಸಿ ಸೋಸಿ ಎರಡಕ್ಕೆ ಇಳಿಸಿದರೆ, ಒಬ್ಬರಿಗೆ ಎರಡೂ ಒಂದೇ. ಇನ್ನೊಬ್ಬರಿಗೆ ಒಂದು ಲಕ್ಷಣ, ಮತ್ತೊಂದು ಅವಲಕ್ಷಣ.

ಎರಡನೆಯವರು ಹೇಳುವುದೇ ಸರಿ. ಎರಡನ್ನೂ ಬಿಳಿ ಹಾಳೆಯ ಮೇಲಿಟ್ಟು ನೋಡಿ: ಒಂದರೊಳಗೆ ಗುಲಾಬಿ ಅಡಗಿರುತ್ತದೆ, ಇನ್ನೊಂದರೊಳಗೆ ಹಸಿರು. ಮನೆಯದು ರೆಡ್ ಆಕ್ಸೈಡ್ ನೆಲವಾದರೆ ಬಿಸಿಲು ಅದಕ್ಕೆ ಬಿದ್ದು ಗೋಡೆಗೆ ಚಿಮ್ಮುತ್ತದೆ. ಗುಲಾಬಿ ಕೆನೆ ಬಳಿದ ಹಾಲ್ ಬೆಳಿಗ್ಗೆ ಹತ್ತಕ್ಕೆಲ್ಲ ನಾಚಿ ಕೆಂಪಾಗಿರುತ್ತದೆ. ಹಸಿರು ಕೆನೆ ಹಗಲಲ್ಲಿ ಸಾಧು. ರಾತ್ರಿ 6500 ಕೆಲ್ವಿನ್ನಿನ (ನೀಲಿಛಾಯೆಯ ಬಿಳಿ ಬೆಳಕಿನ) ಎಲ್‌ಇಡಿ ಹಾಕಿದಿರೋ, ಆಸ್ಪತ್ರೆ ವಾರ್ಡು! 3000 ಕೆಲ್ವಿನ್ನಿನ (ಹಳದಿ ಬೆಳಕಿನ) ಬಲ್ಬಿನಡಿ ಅದೇ ಗೋಡೆ ಬೆಚ್ಚಗೆ ಕಾಣುತ್ತದೆ. ಹಾಗಾಗಿ ಮೊದಲು ಬಲ್ಬು ಗೊತ್ತುಮಾಡಿ, ಆಮೇಲೆ ಬಣ್ಣ.

ಸ್ಯಾಂಪಲ್ ಡಬ್ಬ ತಂದು, ಗೋಡೆ ನುಣುಪಾಗಲೆಂದು ಮೆತ್ತಿದ ಬರೀ ಪುಟ್ಟಿಯ ಮೇಲೆ ಬಳಿಯಬೇಡಿ. ಪುಟ್ಟಿ ನೀರು ಹೀರಿಕೊಂಡು ಬಣ್ಣ ತೇಪೆತೇಪೆಯಾಗುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಹೊಡೆದು, ಅಂಚಿನಲ್ಲಿ ಎರಡು ಬೆರಳಗಲ ಬಿಳಿ ಬಿಟ್ಟು, ಎರಡು ಕೋಟ್ ಹಾಕಿ. ನಡುವೆ 4 ಗಂಟೆ ಒಣಗಲಿ. ಹಸಿಯಾಗಿದ್ದಾಗಲೇ ತೀರ್ಪು ಕೊಡಬೇಡಿ, ಎಮಲ್ಷನ್ (ನೀರು ಬೆರೆಸಿ ಬಳಿಯುವ ಗೋಡೆಬಣ್ಣ) ಒಣಗಿದರೆ ಒಂದಿಷ್ಟು ಗಾಢವಾಗುತ್ತದೆ. ಅಕ್ಕಪಕ್ಕ ಅಂಟಿಸಿದರೆ ಒಂದು ಇನ್ನೊಂದನ್ನು ಕೆಡಿಸುತ್ತದೆ. ಒಂದೊಂದನ್ನೇ ಕಿಟಕಿ ಎದುರಿಗೆ, ಕಿಟಕಿ ಪಕ್ಕಕ್ಕೆ, ಕತ್ತಲೆ ಮೂಲೆಗೆ ತಿರುಗಿಸಿ.

ಅಮೆರಿಕದಲ್ಲಿರುವ ಮಗಳಿಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ ಅಭಿಪ್ರಾಯ ಕೇಳುವ ಪದ್ಧತಿಯೂ ಇದೆ. ಫೋನಿನ ಕ್ಯಾಮೆರಾ ಬೆಳಕನ್ನು ತನಗೆ ತೋಚಿದಂತೆ ತಿದ್ದುವುದರಿಂದ ಅವಳಿಗೆ ಕಾಣುವುದು ಮೂರನೆಯದೇ ಒಂದು ಬಣ್ಣ. ಅದೇ ಚೆನ್ನಾಗಿದೆ ಅನ್ನುತ್ತಾಳೆ.

ಇಷ್ಟಾಗಿಯೂ ಜಗಳ ಮುಗಿಯದಿದ್ದರೆ ತೆಳುವಾದದ್ದನ್ನು ಆರಿಸಿ. ನಾಲ್ಕೂ ಗೋಡೆ ಒಂದರ ಬಣ್ಣ ಇನ್ನೊಂದಕ್ಕೆ ಚೆಲ್ಲುವುದರಿಂದ ಕಾರ್ಡಿನಲ್ಲಿ ಕಂಡದ್ದಕ್ಕಿಂತ ಕೋಣೆ ಗಾಢವಾಗಿಯೇ ಕಾಣುವುದು.

ಇನ್ನು ಲೆಕ್ಕ. 10×12 ಅಡಿಯ ಕೋಣೆ, 10 ಅಡಿ ಎತ್ತರ: ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದರೆ ಸುಮಾರು 380. ಎರಡು ಕೋಟ್‌ಗೆ ಲೀಟರಿಗೆ 50–60 ಚದರಡಿ ಹಿಡಿದರೆ ಏಳು ಲೀಟರ್ ಸುಮಾರಿಗೆ ಸಾಕು. ಪೇಂಟರ್ 20 ಲೀಟರ್ ಬಕೆಟ್ ಬರೆದುಕೊಟ್ಟರೆ, ಅವರ ಮನಸ್ಸಿನಲ್ಲಿ ಇನ್ನೊಬ್ಬರ ಮನೆಯೂ ಇದೆ ಎಂದರ್ಥ. 4 ಲೀಟರಿನ ಎರಡು ಡಬ್ಬ ತಂದು, ಎರಡನ್ನೂ ಒಂದೇ ಬಕೆಟ್ಟಿಗೆ ಸುರಿದು ಕಲಸಿ. ಮೆಷಿನ್ನಿನಲ್ಲೇ ಬೆರೆಸಿದ್ದರೂ ಡಬ್ಬದಿಂದ ಡಬ್ಬಕ್ಕೆ ಕೂದಲೆಳೆಯಷ್ಟು ವ್ಯತ್ಯಾಸ ಬರುವುದುಂಟು. ಮುಚ್ಚಳದ ಮೇಲಿನ ಶೇಡ್ ಕೋಡ್ ಫೋಟೊ ತೆಗೆದಿಟ್ಟುಕೊಳ್ಳಿ. ಅದನ್ನು ಮಗಳಿಗೆ ಕಳಿಸಬೇಕಾಗಿಲ್ಲ.