ಬ್ಯಾಟರಿ ಉಳಿಸಲು ಹಾಡನ್ನು ಕುಗ್ಗಿಸಬೇಕೇ?

ಮಳೆಗಾಲಕ್ಕೆ ಮೊದಲು ಪುಟ್ಟ ಮ್ಯೂಸಿಕ್ ಪ್ಲೇಯರಿಗೆ ತಾಳಮದ್ದಳೆ, ಸಂಗೀತ ತುಂಬಿಕೊಳ್ಳುವ ಮನೆಗಳಲ್ಲಿ ಏಳುವ ಪ್ರಶ್ನೆಯಿದು: ದೊಡ್ಡ ಫೈಲುಗಳನ್ನು ಎಂಪಿ3 ಮಾಡಿಕೊಂಡರೆ ಚಾರ್ಜ್ ಹೆಚ್ಚು ಹೊತ್ತು ಬರುತ್ತದೆಯೇ? ಶಿರಸಿ ಕಡೆಯ ತೋಟದ ಮನೆಯಿಂದ ಒಂದು ವಾದ, ಕಾರವಾರದಿಂದ ಇನ್ನೊಂದು.

ಪರ: ಕುಗ್ಗಿಸಿಯೇ ತುಂಬಬೇಕು

ಮಳೆ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆಗಳಲ್ಲಿ ಕರೆಂಟನ್ನು ನೆಚ್ಚಿಕೊಂಡು ಕೂರುವವರಿಲ್ಲ. ತಂತಿ ಕಾಡಿನ ನಡುವೆ ಹಾದು ಬರುತ್ತದೆ. ಎಲ್ಲೋ ಒಂದು ಮರ ಉರುಳಿದರೆ ಲೈನ್‌ಮನ್ ಆ ಜಾಗ ಹುಡುಕಿ ಸರಿಮಾಡುವಷ್ಟರಲ್ಲಿ ರಾತ್ರಿ ಕಳೆದಿರುತ್ತದೆ, ಕೆಲವು ಸಲ ಎರಡು ಮೂರು ರಾತ್ರಿ. ಪವರ್ ಬ್ಯಾಂಕಿನಲ್ಲಿ ಉಳಿದದ್ದು ಮೊದಲು ಫೋನಿಗೆ, ಆಮೇಲೆ ಟಾರ್ಚಿಗೆ. ಅಜ್ಜನ ತಲೆದಿಂಬಿನ ಪಕ್ಕದ ಪ್ಲೇಯರಿನ ಸರದಿ ಬರುವುದು ಕೊನೆಗೆ. ಅದು ಇನ್ನೊಂದು ತಾಸು ಹೆಚ್ಚು ಹಾಡಿದರೆ ಆ ಮನೆಗೆ ಅದು ಸಣ್ಣ ಸಂಗತಿಯಲ್ಲ.

ಫೈಲಿಗೂ ಬ್ಯಾಟರಿಗೂ ನಂಟು ಎರಡು ಕಡೆಯಿಂದ. ಸಂಗ್ರಹದಿಂದ ಎಷ್ಟು ಓದಬೇಕು ಎಂಬುದು ಒಂದು, ಓದಿದ್ದನ್ನು ಬಿಚ್ಚಿ ದನಿ ಮಾಡಲು ಪ್ರೊಸೆಸರ್ ಎಷ್ಟು ದುಡಿಯಬೇಕು ಎಂಬುದು ಮತ್ತೊಂದು. ಮೊದಲನೆಯದು ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು 2001ರ ಅಕ್ಟೋಬರಿನಲ್ಲಿ ಬಂದ ಮೊದಲ ಐಪಾಡ್ ತೋರಿಸಿಕೊಟ್ಟಿತು. ಅದರೊಳಗೆ ಇದ್ದದ್ದು 5 ಜಿಬಿಯ ಪುಟ್ಟ ಹಾರ್ಡ್ ಡಿಸ್ಕ್, ಜೊತೆಗೆ 32 ಎಂಬಿ ಮೆಮೊರಿ. ಡಿಸ್ಕ್ ಒಮ್ಮೆ ತಿರುಗಿ ಮೆಮೊರಿ ತುಂಬಿಕೊಟ್ಟು ಮತ್ತೆ ನಿಂತುಬಿಡುತ್ತಿತ್ತು. 128 ಕೆಬಿಪಿಎಸ್ (ಸೆಕೆಂಡಿಗೆ 128 ಸಾವಿರ ಬಿಟ್) ಎಂಪಿ3 ಆದರೆ 32 ಎಂಬಿಯಲ್ಲಿ ಅರ್ಧ ತಾಸಿನಷ್ಟು ಹಾಡು ಕೂರುತ್ತದೆ. ಸಿಡಿಯಿಂದ ನೇರ ಇಳಿಸಿದ, ಏನೂ ಕುಗ್ಗಿಸದ ವೇವ್ ಫೈಲ್ ಆದರೆ ಹೆಚ್ಚುಕಡಿಮೆ ಮೂರು ನಿಮಿಷ. ಅಂದರೆ ಮೂರು ಮೂರು ನಿಮಿಷಕ್ಕೂ ಡಿಸ್ಕಿನ ಮೋಟಾರು ಏಳಬೇಕು. ಫೈಲುಗಳು 9 ಎಂಬಿಯ ಒಳಗಿದ್ದರೆ ಒಳ್ಳೆಯದು, ದೊಡ್ಡವನ್ನು ಕುಗ್ಗಿಸಿಕೊಳ್ಳಿ ಎಂದು ಆಪಲ್ ಕಂಪನಿಯೇ ಗ್ರಾಹಕರಿಗೆ ಸಲಹೆ ಕೊಡುತ್ತಿತ್ತು.

ಈಗ ಹಾರ್ಡ್ ಡಿಸ್ಕ್ ಹೋಗಿದೆ, ಒಪ್ಪುತ್ತೇನೆ. ಆದರೆ ಬಿಚ್ಚುವ ಕೆಲಸ ಹೋಗಿಲ್ಲ. ಮಂಕೀಸ್ ಆಡಿಯೋ ಎಂಬ ಮಾದರಿಯಲ್ಲಿ ಫೈಲು ಕಟ್ಟಲು ಎಷ್ಟು ಶ್ರಮವೋ ಬಿಚ್ಚಲೂ ಹೆಚ್ಚುಕಡಿಮೆ ಅಷ್ಟೇ ಶ್ರಮ. ಅದರ ಅತಿ ಬಿಗಿಯಾದ ಮಟ್ಟಗಳನ್ನು ಎಷ್ಟೋ ಹಳೆಯ ಪ್ಲೇಯರುಗಳು ತಡೆಯಿಲ್ಲದೆ ಹಾಡಿಸಲಾರವು. ಸೋನಿ ವಾಕ್‌ಮನ್‌ನಂಥ ಪ್ಲೇಯರುಗಳ ವಿವರಪಟ್ಟಿ ತೆಗೆದು ನೋಡಿ. ಬ್ಯಾಟರಿ ಬಾಳುವ ಅವಧಿಯನ್ನು ಎಂಪಿ3ಗೆ ಬೇರೆ, ದನಿಯಲ್ಲಿ ಏನನ್ನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ಗೆ (ಸೆಕೆಂಡಿಗೆ 96 ಸಾವಿರ ಸಲ ಅಳೆದ 96 ಕಿಲೋಹರ್ಟ್ಸಿನದ್ದು) ಬೇರೆ, ಇನ್ನೂ ದೊಡ್ಡ ಫೈಲಿನ ಡಿಎಸ್‌ಡಿಗೆ ಬೇರೆ ಬರೆದಿರುತ್ತಾರೆ, ಮತ್ತು ಎಂಪಿ3ಯದ್ದೇ ದೊಡ್ಡದು. ಫೋನಿನಲ್ಲೂ ಇದಕ್ಕೆ ಆಧಾರವಿದೆ. 2013ರ ಆಂಡ್ರಾಯ್ಡ್ 4.4ರಿಂದೀಚೆಗೆ ಹಾಡು ಬಿಚ್ಚುವ ಕೆಲಸವನ್ನು ಮುಖ್ಯ ಪ್ರೊಸೆಸರಿನಿಂದ ತೆಗೆದು ಕಡಿಮೆ ವಿದ್ಯುತ್ತಿನ ಡಿಎಸ್‌ಪಿ ಚಿಪ್ಪಿಗೆ ಒಪ್ಪಿಸುವ ವ್ಯವಸ್ಥೆ ಬಂದಿದೆ. ಅದು ಎಲ್ಲ ಮಾದರಿಗೂ ಸಿಗುವುದಿಲ್ಲ. ಆ ಚಿಪ್ಪಿಗೆ ಗೊತ್ತಿಲ್ಲದ ಫೈಲ್ ಬಂದರೆ ಮುಖ್ಯ ಪ್ರೊಸೆಸರೇ ಎದ್ದು ಕೂರಬೇಕು.

ನನಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಮ್ಮಲ್ಲಿ ಫೈಲು ಬ್ಯಾಟರಿ ತಿನ್ನಲು ಶುರು ಮಾಡುವುದು ಹಾಡಿಸುವ ಮೊದಲೇ. ನೆಟ್‌ವರ್ಕ್ ಸಿಗುವುದು ತೋಟದ ಮೇಲಿನ ಬೇಣದಲ್ಲಿ, ಅಂದರೆ ಹುಲ್ಲುಗುಡ್ಡದಲ್ಲಿ, ಅದೂ ಒಂದೋ ಎರಡೋ ಕಡ್ಡಿ. ಸಿಗ್ನಲ್ ಕ್ಷೀಣವಿದ್ದಷ್ಟೂ ಫೋನು ಹೆಚ್ಚು ಬಲ ಹಾಕಿ ಟವರಿಗೆ ಕೂಗಬೇಕು, ಅಷ್ಟು ಹೊತ್ತೂ ಕೈಯಲ್ಲಿ ಬಿಸಿಯಾಗುತ್ತದೆ. ಐದು ತಾಸಿನ ತಾಳಮದ್ದಳೆ 64 ಕೆಬಿಪಿಎಸ್ ಮೊನೊದಲ್ಲಿ 144 ಎಂಬಿ; ಅದೇ ಸ್ಟೀರಿಯೋ ಫ್ಲ್ಯಾಕ್‌ನಲ್ಲಿ ಸುಮಾರು ಎರಡು ಜಿಬಿ. ಬೇಣದಲ್ಲಿ ಕೊಡೆ ಹಿಡಿದು ನಿಂತವನಿಗೆ ಮೊದಲನೆಯದು ಇಳಿಯುತ್ತದೆ, ಎರಡನೆಯದು ಇಳಿಯುವುದಿಲ್ಲ. ತಾಳಮದ್ದಳೆ ಬಹುಪಾಲು ಮಾತು, ಅಂದರೆ ಅರ್ಥಗಾರಿಕೆ. ಒಂದೇ ಮೈಕಿನಲ್ಲಿ ಹಿಡಿದ ಮಾತಿಗೆ ಎರಡು ಚಾನೆಲ್ ಯಾತಕ್ಕೆ? ಮೊನೊ ಮಾಡಿ, ಕುಗ್ಗಿಸಿ, ತುಂಬಿಕೊಳ್ಳಿ. ಕೊನೆಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವವರಿಗೆ ಬೇಕಾದದ್ದು ಪ್ರಸಂಗ ಮುಗಿಯುವ ತನಕ ನಿಲ್ಲದ ದನಿ.

ವಿರೋಧ: ಕುಗ್ಗಿಸಿ ಉಳಿಯುವುದು ಏನೂ ಇಲ್ಲ

ಕರಾವಳಿಯ ಮನೆಗಳ ಹಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಬಹಳ ಕಾಲದ ಹವ್ಯಾಸ. ಅಂಕೋಲೆ, ಕುಮಟೆ, ಹೊನ್ನಾವರದಿಂದ ಬರುವ ಪೆಟ್ಟಿಗೆ ತೆರೆದರೆ ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು. ತೇವದ ಗಾಳಿ ಅಷ್ಟು ಕೆಲಸ ಮಾಡಿರುತ್ತದೆ. ಕೆಲವು ಟೇಪುಗಳು ಒಂದು ಸಲ ಓಡುತ್ತವೆ, ಇನ್ನೊಂದು ಸಲಕ್ಕೆ ಗ್ಯಾರಂಟಿಯಿಲ್ಲ. ಹಾಗೆ ಬಿಡಿಸಿಕೊಂಡ ದನಿಯನ್ನು ಬ್ಯಾಟರಿಯ ಹೆಸರಲ್ಲಿ ಅರೆಯುವುದನ್ನು ನೋಡಿದಾಗ ಸಂಕಟವಾಗುತ್ತದೆ. ಆ ಬ್ಯಾಟರಿ ಲೆಕ್ಕವಾದರೂ ಸರಿಯಿದ್ದರೆ ಸುಮ್ಮನಿರುತ್ತಿದ್ದೆ.

ಫೈಲು ಚಿಕ್ಕದಾದರೆ ಪ್ರೊಸೆಸರಿಗೆ ಕೆಲಸ ಕಡಿಮೆ ಎಂಬ ನಂಬಿಕೆ ಎಲ್ಲೆಲ್ಲೂ ಇದೆ. ನಿಜಸಂಗತಿ ಬಹುತೇಕ ತಿರುಗುಮುರುಗು. 2001ರಲ್ಲಿ ಬಂದ ಫ್ಲ್ಯಾಕ್ ಮಾಡುವುದು ಇಷ್ಟೇ: ದನಿಯನ್ನು ಅಳೆದ ಹಿಂದಿನ ಕೆಲವು ಸಂಖ್ಯೆಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ, ಊಹೆ ತಪ್ಪಿದಷ್ಟನ್ನು ಮಾತ್ರ ಬರೆದಿಡುತ್ತದೆ. ಬಿಚ್ಚುವಾಗ ಪೂರ್ಣಾಂಕಗಳ ಸರಳ ಗುಣಾಕಾರ, ಕೂಡುವಿಕೆ. ಶ್ರಮವೆಲ್ಲ ಕಟ್ಟುವಾಗಲೇ ಮುಗಿದಿರುತ್ತದೆ. ಎಂಪಿ3 ಬಿಚ್ಚುವಾಗ ಸಂಕೇತ ಒಡೆಯಬೇಕು, ಪ್ರತಿ ಸಂಖ್ಯೆಯನ್ನೂ ಘಾತಕ್ಕೇರಿಸಿ ಹಿಗ್ಗಿಸಬೇಕು, ಆವರ್ತನದ ಲೆಕ್ಕದಿಂದ ಕಾಲದ ಲೆಕ್ಕಕ್ಕೆ ತಿರುಗಿಸಬೇಕು, ಕೊನೆಗೆ 32 ಪಟ್ಟಿಗಳ ಸೋಸಣಿಗೆಯಿಂದ ದನಿ ಜೋಡಿಸಬೇಕು. ಹಳೆಯ ಪ್ಲೇಯರುಗಳಿಗೆ ಹೊಸ ತಂತ್ರಾಂಶ ಕೊಡುವ ರಾಕ್‌ಬಾಕ್ಸ್ ಯೋಜನೆಯವರು ಒಂದೊಂದು ಫೈಲ್ ಮಾದರಿಯೂ ಪ್ರೊಸೆಸರಿನಿಂದ ಎಷ್ಟು ಕೇಳುತ್ತದೆ ಎಂದು ಅಳೆದಿದ್ದಾರೆ. ಅಲ್ಲಿ ಅತಿ ಹಗುರಾದವುಗಳ ಸಾಲಿನಲ್ಲಿ ಫ್ಲ್ಯಾಕ್ ಇದೆ, ಎಂಪಿ3ಗಿಂತ ಮುಂದೆ. ಓಪಸ್, ಹೆಚ್‌ಇ-ಎಎಸಿಗಳಂಥ ಹೊಸಬರು ಫೈಲನ್ನು ಇನ್ನೂ ಪುಟ್ಟದು ಮಾಡುತ್ತಾರೆ, ಆದರೆ ಸಣ್ಣ ಚಿಪ್ಪಿಗೆ ಅವರೇ ಹೆಚ್ಚು ಭಾರ.

ಓದುವ ಖರ್ಚು? ಸಾಮಾನ್ಯ ಮೆಮೊರಿ ಕಾರ್ಡು ಸೆಕೆಂಡಿಗೆ 10 ಎಂಬಿ ಸಲೀಸಾಗಿ ಕೊಡುತ್ತದೆ. ಫ್ಲ್ಯಾಕ್ ಕೇಳುವುದು ಸೆಕೆಂಡಿಗೆ 100 ಕೆಬಿಯಷ್ಟು. ಅಂದರೆ ಕಾರ್ಡು ನೂರರಲ್ಲಿ ಒಂದು ಪಾಲು ಹೊತ್ತು ಎಚ್ಚರವಿದ್ದು ಉಳಿದದ್ದಷ್ಟೂ ಮಲಗಿರುತ್ತದೆ. ಎಂಪಿ3 ಆದರೆ ಇನ್ನೂ ಕಡಿಮೆ, ನಿಜ. ಆದರೆ ಒಂದು ಪಾಲಿನೊಳಗೆ ಉಳಿಸಿ ಎಷ್ಟು ಉಳಿಸೀರಿ? ಐಪಾಡಿನ ತಿರುಗುವ ಡಿಸ್ಕಿನ ಕಾಲಕ್ಕೆ ಹೇಳಿದ ಬುದ್ಧಿಮಾತನ್ನು ಅಲುಗದ ಚಿಪ್ಪಿಗೂ ಅನ್ವಯಿಸುವುದು ಸರಿಯಲ್ಲ. ಮಂಕೀಸ್ ಆಡಿಯೋ, ಡಿಎಸ್‌ಡಿ ಭಾರವೆಂಬುದಕ್ಕೆ ನನ್ನ ತಕರಾರಿಲ್ಲ, 96 ಕಿಲೋಹರ್ಟ್ಸ್ ಕೂಡ ಪುಟ್ಟ ಪ್ಲೇಯರಿಗೆ ಬೇಡ. ಅವುಗಳನ್ನು ಮುಂದಿಟ್ಟುಕೊಂಡು 16 ಬಿಟ್, 44.1 ಕಿಲೋಹರ್ಟ್ಸಿನ, ಅಂದರೆ ಸಿಡಿ ಗುಣಮಟ್ಟದ ಸಾದಾ ಫ್ಲ್ಯಾಕನ್ನು ದೂರುವುದು ಮಾತ್ರ ನ್ಯಾಯವಲ್ಲ.

ಚಾರ್ಜ್ ಹೋಗುವ ಜಾಗಗಳು ಬೇರೆ. ಫೋನಿನಲ್ಲಿ ಪರದೆ ಬೆಳಗಿದರೆ ಹಾಡಿಸುವ ಕೆಲಸಕ್ಕಿಂತ ಎಷ್ಟೋ ಪಟ್ಟು ಅದೇ ಕುಡಿಯುತ್ತದೆ. ಬ್ಲೂಟೂತ್ ಹಾಕಿದರೆ ಯಾವ ಫೈಲಾದರೂ ಮೊದಲು ಬಿಚ್ಚಿ, ಬ್ಲೂಟೂತಿನ ಎಸ್‌ಬಿಸಿ, ಎಎಸಿಯಂಥ ಮಾದರಿಗೆ ಮತ್ತೆ ಕಟ್ಟಿ ಗಾಳಿಗೆ ಬಿಡಬೇಕು. ಎಂಪಿ3 ಮಾಡಿಟ್ಟುಕೊಂಡದ್ದರ ಫಲ ಅಲ್ಲಿಗೇ ಮುಗಿಯಿತು. ಈಕ್ವಲೈಸರ್, ಜೋರು ವಾಲ್ಯೂಮ್, ಇವೂ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ವಯಸ್ಸಾದ ಬ್ಯಾಟರಿ. ಲಿಥಿಯಂ ಸೆಲ್ಲು ಸಾಮಾನ್ಯವಾಗಿ 300ರಿಂದ 500 ಪೂರ್ಣ ಚಾರ್ಜಿನ ಹೊತ್ತಿಗೆ ಮೂಲ ಶಕ್ತಿಯ ಶೇ 80ರ ಸುತ್ತ ಇಳಿದಿರುತ್ತದೆ, ಸೆಕೆಗೆ ಇನ್ನೂ ಬೇಗ. ನನ್ನ ಬಳಿ ‘ಫೈಲಿಂದಾಗಿ ಚಾರ್ಜ್ ನಿಲ್ಲುವುದಿಲ್ಲ’ ಎಂದು ಬಂದ ಪ್ಲೇಯರುಗಳಲ್ಲಿ ಹೆಚ್ಚಿನವುಗಳ ದೂರು ಹೊಸ ಸೆಲ್ಲು ಹಾಕಿದ ಮೇಲೆ ನಿಂತಿದೆ.

ಇನ್ನು ಕಳೆದುಕೊಳ್ಳುವುದರ ಮಾತು. ಎಂಪಿ3 ದನಿಯನ್ನು 1152 ಅಳತೆ ಸಂಖ್ಯೆಗಳ ತುಂಡುಗಳಾಗಿ ತೆಗೆದುಕೊಳ್ಳುತ್ತದೆ. ಒಂದು ತುಂಡು ಸುಮಾರು 26 ಮಿಲಿಸೆಕೆಂಡು. ಬಿಟ್ ಸಾಲದಿದ್ದಾಗ ಆಗುವ ದೋಷ ಒಂದು ಕ್ಷಣದಲ್ಲಿ ನಿಲ್ಲದೆ ಅಕ್ಕಪಕ್ಕಕ್ಕೂ ಹರಡುತ್ತದೆ. ತಂಬೂರಿಯಂಥ ಎಳೆದ ನಾದದಲ್ಲಿ ಅದು ಮುಚ್ಚಿಹೋಗುತ್ತದೆ. ಭಾಗವತರ ತಾಳದಲ್ಲಿ ಮುಚ್ಚುವುದಿಲ್ಲ. 64 ಕೆಬಿಪಿಎಸ್ ಮಾಡಿದ ಪದ್ಯವೊಂದನ್ನು ಹೆಡ್‌ಫೋನಿನಲ್ಲಿ ಕೇಳಿ: ಮೌನ, ಆಮೇಲೆ ತಾಳದ ಕಂಚಿನ ಏಟು ಎಂದು ಇರಬೇಕಾದಲ್ಲಿ ಏಟಿಗೆ ಕೂದಲೆಳೆಯಷ್ಟು ಮುಂಚೆಯೇ ‘ಸ್ಸ್’ ಎಂಬ ಮಸುಕು ಬರುತ್ತದೆ, ಏಟಿನ ಅಂಚು ಹೋಗಿರುತ್ತದೆ. ಮದ್ದಳೆಯ ಉರುಳಿಕೆಯಲ್ಲಿ ಬೆರಳು ಬೆರಳೂ ಬೇರೆಯಾಗಿ ಕೇಳುವುದು ನಿಂತುಹೋಗುತ್ತದೆ. ‘ಬಹುಪಾಲು ಮಾತು’ ಎಂದಾಕ್ಷಣ ಉಳಿದ ಪಾಲು, ಅಂದರೆ ಪದ್ಯ, ಬಿಸಾಡುವಂಥದ್ದಾಯಿತೇ?

ಫೋನಿನಲ್ಲೇ ಹಿಡಿದ ರೆಕಾರ್ಡಿಂಗಿನ ಕತೆ ಇನ್ನೊಂದು. ಅದು ಹೆಚ್ಚಾಗಿ ಎಂ4ಎ ಫೈಲು, ಒಳಗಿರುವುದು ಎಎಸಿ, ಅಂದರೆ ಒಮ್ಮೆ ಕಳೆದುಕೊಂಡೇ ಬಂದದ್ದು. ಅದನ್ನು ಎಂಪಿ3 ಮಾಡಿದರೆ ಕಳೆದದ್ದರ ಮೇಲೆ ಮತ್ತೆ ಕಳೆಯುತ್ತದೆ. ಫ್ಲ್ಯಾಕ್ ಮಾಡಿದರೂ ಹೋದದ್ದು ಬರುವುದಿಲ್ಲ, ಫೈಲು ಊದಿಕೊಳ್ಳುತ್ತದೆ ಅಷ್ಟೆ. ಇದ್ದ ಹಾಗೇ ಪ್ಲೇಯರಿಗೆ ಹಾಕಿ.

ಬೇಣದಲ್ಲಿ ನಿಂತು ಇಳಿಸಿಕೊಳ್ಳುವವರ ಕಷ್ಟ ಮಾತ್ರ ನಿಜವಾದ ಕಷ್ಟ, ಅದಕ್ಕೆ ಚಿಕ್ಕ ಪ್ರತಿ ಬೇಕು. ಆದರೆ ಅದು ಪ್ರತಿಯಾಗಿಯೇ ಇರಲಿ. ಕುಗ್ಗಿಸಿದ ಮೇಲೆ ‘ಇನ್ಯಾಕೆ ಜಾಗ ತಿನ್ನುವುದು’ ಎಂದು ಮೂಲ ಅಳಿಸಿದವರನ್ನು ನಾನು ಕಂಡಿದ್ದೇನೆ. ರಾತ್ರಿಯಿಡೀ ಹಿಡಿದ ಯಕ್ಷಗಾನದ ಆಟವಿದ್ದರೆ ವೇವ್‌ನಲ್ಲಿ ಇಡಲು ಹೋಗಬೇಡಿ. ಸಿಡಿ ಗುಣಮಟ್ಟದಲ್ಲಿ ಆರೂಮುಕ್ಕಾಲು ತಾಸಿನ ಹೊತ್ತಿಗೆ ವೇವ್ ಫೈಲಿನ 4 ಜಿಬಿ ಮಿತಿ ಮುಟ್ಟುತ್ತದೆ. ಫ್ಲ್ಯಾಕ್ ಮಾಡಿ ಎರಡು ಬೇರೆ ಬೇರೆ ಮನೆಗಳ ಡಿಸ್ಕಿನಲ್ಲಿಡಿ, ಒಂದು ಮನೆ ಘಟ್ಟದ ಮೇಲಿನದಾದರೆ ಇನ್ನೂ ಒಳ್ಳೆಯದು. ಪ್ಲೇಯರಿಗೆ ಹೊಸ ಸೆಲ್ಲು ಹಾಕಿಸಿ, ತಂತಿಯ ಇಯರ್‌ಫೋನ್ ಸಿಕ್ಕಿಸಿ, ಪರದೆ ಆರಿಸಿ.